ಗಿರಣಿಯವರ ಮಗಳು ಹೋಗುತ್ತಾಳಂತೆ

ನಮ್ಮೂರಿನಲ್ಲಿ ಯಾರಿಗೆ ಕೆಲಸ ತಪ್ಪಿದರೂ ಬಡಗಿಗಳಿಗೆ ತಪ್ಪಿದ್ದಿಲ್ಲ. ಹೊಸ ಮಂಚ ಮಾಡಿಸುವವರು ಕಡಿಮೆ, ಇದ್ದ ಮಂಚವನ್ನು ಕೊಯ್ಯಿಸಿ ಗಿಡ್ಡ ಮಾಡಿಸುವವರೇ ಹೆಚ್ಚು. ಮನೆಯಲ್ಲಿ ಕೂಸು ಹುಟ್ಟಿದರೆ ಗೋಡೆ ಆಚೆ ಸರಿಯುತ್ತದೆ, ಸೊಸೆ ಬಂದರೆ ಇನ್ನಷ್ಟು ಸರಿಯುತ್ತದೆ. ಯಾರಾದರೂ ತೀರಿಕೊಂಡರೆ, ಊರು ಬಿಟ್ಟರೆ, ಈಚೆ ಬರುತ್ತದೆ. ಎಷ್ಟು ಜನವೋ ಅಷ್ಟೇ ಮನೆ. ಗೋಡೆಗೂ ಕಿವಿ ಇದೆ ಎಂಬುದು ಬೇರೆ ಕಡೆ ಗಾದೆಯಂತೆ, ನಮ್ಮಲ್ಲಿ ಅದನ್ನು ಗಾದೆ ಎಂದರೆ ಮಕ್ಕಳು ನಗುತ್ತಾರೆ. ಆದರೆ ಗೋಡೆ ಕೇಳುವುದು ಮನೆಯವರ ಮಾತನ್ನಲ್ಲ, ಊರಿನ ಮಾತನ್ನು. ಮನೆಯೊಳಗೆ ಕೂತು ನೀವು ಸಾವಿರ ಸಲ ಹೋಗುತ್ತೇನೆ ಎನ್ನಿ, ಸುಣ್ಣದ ಪುಡಿಯೂ ಉದುರುವುದಿಲ್ಲ. ‘ಇಂಥವರ ಮಗ ಹೋಗುತ್ತಾನಂತೆ’ ಎಂದು ಬಾವಿಕಟ್ಟೆಯಿಂದ ಬಸ್ ನಿಲ್ದಾಣದವರೆಗೆ ಊರು ಮಾತಾಡಿಕೊಂಡರೆ ಸಾಕು, ಅವನು ಹೋಗಲಿ ಬಿಡಲಿ, ಅವನ ಹಾಸಿಗೆಯ ಜಾಗ ಹೋಯಿತು.

ಅದಕ್ಕೇ ನಮ್ಮಲ್ಲಿ ಹೋಗುವ ಸುದ್ದಿಯನ್ನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮೇಲೆಯೇ ಹೇಳುವ ರೂಢಿ. ಸೈನ್ಯಕ್ಕೆ ಸೇರುವ ಹುಡುಗರು ಸಂತೆಗೆ ಹೊರಟವರಂತೆ ಕೈಚೀಲ ಹಿಡಿದು ಹೊರಡುತ್ತಾರೆ. ಹೆಣ್ಣಿನ ಮನೆಯವರು ಲಗ್ನಪತ್ರಿಕೆಯನ್ನು ಮದುವೆಯ ದಿನ ಬೆಳಿಗ್ಗೆ ಹಂಚುತ್ತಾರೆ. ನೆಂಟರು ಬೈಯುತ್ತಾರೆ, ಬೈಯಲಿ. ಮೊದಲೆಲ್ಲ ಇದು ಇಷ್ಟು ಕಷ್ಟವಿರಲಿಲ್ಲ. ಸುದ್ದಿ ಕಾಲ್ನಡಿಗೆಯಲ್ಲಿ ಹೋಗುತ್ತಿತ್ತು, ಗೋಡೆಯೂ ಬೆರಳು ಬೆರಳಾಗಿ ಸರಿಯುತ್ತಿತ್ತು, ಟ್ರಂಕು ಎತ್ತಿಡಲು, ಹಲಗೆ ಕೀಳಲು ಪುರಸೊತ್ತು ಸಿಗುತ್ತಿತ್ತು. ಫೋನು ಬಂದ ಮೇಲೆ ತಟ್ಟೆಯಲ್ಲಿನ ರೊಟ್ಟಿ ಆರುವ ಮೊದಲೇ ಗೋಡೆ ಬಂದು ಮೊಣಕೈಗೆ ತಾಗುತ್ತದೆ.

ನಾನು ಇಲ್ಲಿನ ಹೆಣ್ಣುಮಕ್ಕಳ ಶಾಲೆಯ ಪಿ.ಟಿ. ಟೀಚರು, ಕಸ್ತೂರಿ. ಮದುವೆಯಾಗಿ ಹೋದವಳು, ತಿರುಗಿ ಬಂದವಳು. ಯಾಕೆ ಬಂದೆ ಎಂಬುದು ಈ ಕಥೆಗೆ ಬೇಡ. ಅಲ್ಲಿ ಇರಲಾಗಲಿಲ್ಲ, ಬಂದೆ. ಎಲ್ಲರೂ ಬರುವ ಹಾಗೆಯೇ ಮುಸ್ಸಂಜೆಯಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿತ್ತಿಲ ಬಾಗಿಲಿನಿಂದ ಬಂದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಬಾಯಲ್ಲಿ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ, ನಮ್ಮೂರಲ್ಲಿ ಅದನ್ನು ಇಟ್ಟಿಗೆ ಗಾರೆಯೂ ಹೇಳುತ್ತದೆ. ಗೋಡೆ ಕೂಸಿಗೆ ಸರಿಯುತ್ತದೆ, ಸೊಸೆಗೆ ಸರಿಯುತ್ತದೆ. ಹೋಗಿ ಬಂದವರಿಗೆ ಸರಿದದ್ದನ್ನು ಯಾರೂ ಕಂಡಿಲ್ಲ. ಕೆಲವು ತಿಂಗಳು ಅಣ್ಣನ ಮನೆಯಲ್ಲಿ ಒಲೆಗೂ ಬೀಸುಕಲ್ಲಿಗೂ ನಡುವೆ ಮುದುಡಿ ಮಲಗಿದೆ. ಆಮೇಲೆ ಶಾಲೆಯ ಹೆಡ್ ಮೇಡಮ್ ಕನಿಕರಪಟ್ಟು ಆಟದ ಸಾಮಾನಿನ ಕೋಣೆಯ ಕೀಲಿ ಕೊಟ್ಟರು. ಶಾಲೆ ಯಾರ ಮನೆಯೂ ಅಲ್ಲವಾದ್ದರಿಂದ ಅದರ ಗೋಡೆಗಳು ಸುಮ್ಮನಿರುತ್ತವೆ. ಅಂದಿನಿಂದ ಭರ್ಜಿ, ಕಬ್ಬಿಣದ ಗುಂಡು, ಹೊಲಿಗೆ ಬಿಚ್ಚಿದ ವಾಲಿಬಾಲುಗಳ ಜೊತೆ ನನ್ನ ಸಂಸಾರ.

ನನ್ನ ಅಣ್ಣ ಶಿವಪುತ್ರಪ್ಪನದು ಹಿಟ್ಟಿನ ಗಿರಣಿ. ದಿನವಿಡೀ ಯಂತ್ರದ ಸದ್ದಿನಲ್ಲಿ ನಿಂತು ನಿಂತು ಅವನಿಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿದೆ. ಗಿರಣಿಯ ಬಾಯಿ ಎಂದರೆ ಅವನ ಹೆಂಡತಿ, ನನ್ನ ವೈನಿ ಮಹಾದೇವಿ. ಯಾರ ಜೋಳ ಬೀಸಿ ಆಯಿತು, ಯಾರು ಡಬ್ಬಿ ಒಯ್ಯಬೇಕು, ಕರೆಂಟು ಎಷ್ಟೊತ್ತಿಗೆ ಬರುತ್ತದೆ, ಎಲ್ಲವನ್ನೂ ಅವಳೇ ಫೋನಿನ ಸ್ಟೇಟಸ್‌ನಲ್ಲಿ ಹಾಕುತ್ತಾಳೆ. ಊರಿನ ಪ್ರತಿ ಮನೆಯ ನಂಬರೂ ಅವಳಲ್ಲಿದೆ. ಊರಿನವರು ಬೆಳಗ್ಗೆ ಎದ್ದು ದೇವರ ಮುಖ ನೋಡುತ್ತಾರೋ ಇಲ್ಲವೋ, ವೈನಿಯ ಸ್ಟೇಟಸ್ ನೋಡಿಯೇ ಒಲೆ ಹಚ್ಚುತ್ತಾರೆ ಎಂದು ನಾನು ಅವಳನ್ನು ಕಾಡಿಸುವುದಿತ್ತು.

ಅವರಿಗೆ ಒಬ್ಬಳೇ ಮಗಳು, ನೀಲಗಂಗಾ. ನಾವು ನೀಲಿ ಅನ್ನುತ್ತೇವೆ. ಖೋ ಖೋ ಆಡುತ್ತಾಳೆ. ಆಡುತ್ತಾಳೆ ಎಂದರೆ ಸಾಲದು. ಎದುರಿನ ಹುಡುಗಿ ಕಂಬದ ಆಚೆಗೆ ತಪ್ಪಿಸಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ನೀಲಿ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಚೆಲ್ಲಿ, ಅವಳ ಹಿಮ್ಮಡಿ ಮುಟ್ಟಿರುತ್ತಾಳೆ. ನಾನು ಕಲಿಸಿದ್ದು ಎಂದು ಹೇಳಿಕೊಳ್ಳುತ್ತೇನೆ, ಆದರೆ ಆ ಜಿಗಿತ ಯಾರೂ ಕಲಿಸುವಂಥದ್ದಲ್ಲ. ಚಳಿಗಾಲದಲ್ಲಿ ರಾಜ್ಯಮಟ್ಟದ ಪಂದ್ಯದಲ್ಲಿ ಅವಳನ್ನು ನೋಡಿ ಎರಡು ಕಾಲೇಜಿನವರು ಕೇಳಿದರು. ಒಂದು, ಪಕ್ಕದ ಸೀಮೆಯ ಸಣ್ಣ ಕಾಲೇಜು. ಅಲ್ಲಿನ ಮೇಡಮ್ ‘ನಿಧಾನವಾಗಿ ಯೋಚನೆ ಮಾಡು, ರಿಸಲ್ಟ್ ಬರಲಿ’ ಎಂದಿದ್ದರು. ಇನ್ನೊಂದು, ದೂರದ ನಗರದ ದೊಡ್ಡ ಕಾಲೇಜು. ಫೀಸಿಲ್ಲ, ಹಾಸ್ಟೆಲ್ಲು, ಊಟ, ಬೂಟು ಎಲ್ಲ ಅವರದೇ. ಅಲ್ಲಿನ ಕೋಚ್ ದಳವಾಯಿ ಸರ್ ದಿನಬಿಟ್ಟು ದಿನ ಫೋನ್ ಮಾಡುತ್ತಿದ್ದರು. ನೀಲಿಗೆ ಅವರೇ ದೇವರಾಗಿಬಿಟ್ಟರು.

ಪಿಯುಸಿ ಪರೀಕ್ಷೆ ಮುಗಿದ ವಾರ ಅವರು ಒಂದು ಚಿತ್ರ ಕಳಿಸಿದರು. ಯಾರದೋ ಮೈಗೆ ನೀಲಿಯ ತಲೆ ಅಂಟಿಸಿ, ಕಾಲೇಜಿನ ಹಳದಿ ಜೆರ್ಸಿ ತೊಡಿಸಿ, ಮೇಲೆ ದಪ್ಪಕ್ಷರದಲ್ಲಿ ‘ನಮ್ಮ ಕುಟುಂಬಕ್ಕೆ ಸ್ವಾಗತ, ನೀಲಗಂಗಾ’ ಎಂದು ಬರೆದಿದ್ದರು. ಅದನ್ನು ಭಾನುವಾರದೊಳಗೆ ಅವಳು ತನ್ನ ಖಾತೆಯಲ್ಲಿ ಹಾಕಿ, ‘ನಾನು ಈ ಕಾಲೇಜು ಸೇರುತ್ತಿದ್ದೇನೆ’ ಎಂದು ಬರೆಯಬೇಕಂತೆ. ಉಳಿದ ಹುಡುಗಿಯರೆಲ್ಲ ಆಗಲೇ ಹಾಕಿದ್ದರು. ನೀಲಿ ಒಬ್ಬೊಬ್ಬರದನ್ನೂ ತೆಗೆದು ನನಗೆ ತೋರಿಸಿದಳು. ಹಳದಿ ಹಳದಿ ಹುಡುಗಿಯರು, ಕೆಳಗೆ ನೂರಾರು ಮಂದಿಯ ಚಪ್ಪಾಳೆ. ತೋರಿಸುವಾಗ ಅವಳ ಕಣ್ಣಲ್ಲಿದ್ದ ಆಸೆ ನನಗೆ ಕಾಣದೇ ಇರಲಿಲ್ಲ.

ಅಣ್ಣನ ಮನೆಯಲ್ಲಿ ಆ ವಾರವಿಡೀ ಅದೇ ಮಾತು. "ಬಸ್ ಹತ್ತಿದ ಮ್ಯಾಲೆ ಹಾಕು," ಎಂದ ಅಣ್ಣ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

"ಬಸ್ ಹತ್ತೂದು ಇನ್ನ ಮೂರು ತಿಂಗಳಿಗೆ ಅಪ್ಪಾ. ಅಷ್ಟರಾಗ ಅವ್ರು ಬ್ಯಾರೆಯವ್ರನ್ನ ತಗೊಂಡು ಹೋಗಿಬಿಡ್ತಾರ."

"ಹಂಗಾರ ಸೀಟು ಕೊಟ್ಟೀವಿ ಅಂತ ಕಾಗದದಾಗ ಬರೆದು ಕೊಡ್ಲಿ," ಎಂದೆ ನಾನು. "ಖೋ ಬೀಳೂಕಿಂತ ಮೊದಲ ಎದ್ದರ ಏನಾಗತೈತಿ? ಫೌಲ್ ಆಗತೈತಿ. ನಿನಗ ನಾನೇನು ಹೊಸದಾಗಿ ಹೇಳಬೇಕೇನು?"

"ಇದು ಆಟ ಅಲ್ಲ ಅತ್ತಿ."

"ಅದಕ್ಕ ಹೇಳಾಕತ್ತೀನಿ."

ವೈನಿ ಮಾತ್ರ ಮಗಳ ಕೈಯಿಂದ ಫೋನು ಇಸಿದುಕೊಂಡು, ಆ ಹಳದಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ಅರಿವಿ ಚಲೋ ಒಪ್ಪೇತಿ," ಎಂದಳು. ಅದು ಮಗಳ ಮೈಯಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾನೇ ಕೋಚಿಗೆ ಫೋನ್ ಮಾಡಿದೆ. ಮನುಷ್ಯ ಬಹಳ ವಿನಯದಿಂದ ಮಾತಾಡಿದರು. "ಮೇಡಮ್, ಲೆಟರ್ ಎಲ್ಲ ಅಡ್ಮಿಷನ್ ಟೈಮಲ್ಲಿ ಬರುತ್ತೆ, ಅದು ಆಫೀಸಿನ ವಿಷಯ. ಈ ಪೋಸ್ಟ್ ಇದೆಯಲ್ಲ, ಇದು ಹುಡುಗಿಯರಲ್ಲಿ ಒಗ್ಗಟ್ಟು ಬರಲಿ ಅಂತ. ಹಾಕ್ಲಿಲ್ಲ ಅಂದ್ರೆ ಮ್ಯಾನೇಜ್‌ಮೆಂಟಿನವರು ಈ ಹುಡುಗಿಗೆ ಮನಸ್ಸಿಲ್ಲವೇನೋ ಅಂದ್ಕೋತಾರೆ." ನಾನು ಗೋಡೆಯ ವಿಷಯ ಹೇಳಿದೆ. "ಗೋಡೆನಾ ಮೇಡಮ್? ಮನೆ ರಿಪೇರಿ ಇದ್ರೆ ಹೇಳಿ, ನಮ್ಮ ಕಡೆಯಿಂದ ಏನಾದ್ರೂ ನೋಡೋಣ." ಹೊರಗಿನವರಿಗೆ ಇದನ್ನು ತಿಳಿಸಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಫೋನ್ ಇಟ್ಟೆ.

ಕೊನೆಗೆ ಉಪಾಯ ಹುಡುಕಿದ್ದು ನೀಲಿಯೇ. ಪೋಸ್ಟ್ ಹಾಕುವುದು, ಆದರೆ ಊರಿನವರು ಯಾರಿಗೂ ಕಾಣದ ಹಾಗೆ ಹಾಕುವುದು. ಫೋನಿನಲ್ಲಿ ಅದಕ್ಕೆ ದಾರಿ ಇದೆಯಂತೆ. ಒಬ್ಬೊಬ್ಬರ ಹೆಸರನ್ನೂ ಒತ್ತಿ ಮರೆ ಮಾಡಬೇಕು. ಊರು ನೋಡದಿದ್ದರೆ ಊರು ಮಾತಾಡುವುದಿಲ್ಲ, ಊರು ಮಾತಾಡದಿದ್ದರೆ ಗೋಡೆಗೆ ಗೊತ್ತಾಗುವುದಿಲ್ಲ. ನನಗೂ ಹೌದಲ್ಲ ಅನಿಸಿತು. ಎರಡು ದಿನ ಕೂತು ಇಡೀ ಊರನ್ನು ಮರೆ ಮಾಡಿದಳು. ಕಿರಾಣಿ ಅಂಗಡಿಯವನು, ಕಂಡಕ್ಟರ್, ತನ್ನ ಜೊತೆ ಆಡುವ ಹುಡುಗಿಯರು, ಸಂಬಂಧಿಕರು, ಅವರ ಮಕ್ಕಳು. ಭಾನುವಾರ ಸಂಜೆ ಹಾಕಿದಳು.

ನಾನು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋಗುವುದು. ವೈನಿ ಆ ದಿನ ಹೋಳಿಗೆ ಮಾಡಿದ್ದಳು, ಯಾಕೆಂದು ಯಾರೂ ಕೇಳಲಿಲ್ಲ. ಸಾಲಾಗಿ ಕೂತು ಮೊದಲ ತುತ್ತು ಎತ್ತಿದ್ದೆವು. ನೀಲಿಯ ಬೆನ್ನ ಹಿಂದೆ ಸುಣ್ಣ ಉದುರಿತು. ಅವಳು ತಿರುಗಿ ನೋಡುವಷ್ಟರಲ್ಲಿ ಗೋಡೆ ಅವಳ ಬೆನ್ನಿಗೆ ಬಂದು ಮುಟ್ಟಿತು, ತಟ್ಟೆಯ ಸಮೇತ ಅವಳನ್ನು ನಡುಮನೆಗೆ ನೂಕಿತು. ಸದ್ದಿಲ್ಲ, ಗದ್ದಲವಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಅವಳ ಹಾಸಿಗೆ ಉರುಳಿಕೊಂಡು ಬಂದು ಅಣ್ಣನ ಕಾಲ ಬಳಿ ನಿಂತಿತು. ಹೋಳಿಗೆಯ ಮೇಲೆಲ್ಲ ಸುಣ್ಣದ ಪುಡಿ.

"ಎಲ್ಲಾರಿಗೂ ಮರಿ ಮಾಡಿದ್ದೆ," ನೀಲಿ ಅಳುತ್ತ ಫೋನು ತೆಗೆದಳು. "ಒಬ್ಬರನ್ನೂ ಬಿಟ್ಟಿಲ್ಲ. ಅವ್ವನ್ನ ಒಬ್ಬಾಕಿನ್ನ ಬಿಟ್ಟಿದ್ದೆ. ಅವ್ವ ನೋಡ್ಲಿ ಅಂತ."

ನಾವೆಲ್ಲ ವೈನಿಯ ಕಡೆ ನೋಡಿದೆವು. ಅವಳ ಕೈಯಲ್ಲಿ ಸೌಟು ಹಾಗೇ ಇತ್ತು. ಮಗಳ ಚಿತ್ರ ಬಂದ ಕೂಡಲೇ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿ, ಕೆಳಗೆ ಎರಡು ಕೈ ಮುಗಿದ ಗುರುತು ಇಟ್ಟು, ಆಮೇಲೆ ಹೋಳಿಗೆ ಬಡಿಸಲು ಎದ್ದಿದ್ದಳು. ಸೀಟು, ಕಾಗದ, ಗೋಡೆ ಎಂದು ನಾವು ವಾರವಿಡೀ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ ಎಂದಲ್ಲ. ಕೇಳಿದ್ದಳು. ಆದರೆ ಊರಿಗೆಲ್ಲ ಹಿಟ್ಟಿನ ಸುದ್ದಿಯನ್ನೇ ಹಾಕುತ್ತ ಬಂದವಳಿಗೆ ಒಂದು ಸಲವಾದರೂ ಮಗಳ ಸುದ್ದಿ ಹಾಕಬೇಕು ಅನ್ನಿಸಿತ್ತು. ಆ ಹೊತ್ತಿಗೆ ಫೋನು ಕುಯ್‌ಗುಟ್ಟುತ್ತಲೇ ಇತ್ತು. ಊರಿಗೆ ಊರೇ ಅಭಿನಂದನೆ ಹೇಳುತ್ತಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ನಾನು ನೀಲಿಯ ಹಾಸಿಗೆ ಹೆಗಲಿಗೆ ಹಾಕಿಕೊಂಡೆ, ಅವಳು ತನ್ನ ಬ್ಯಾಗು ಹಿಡಿದುಕೊಂಡಳು. ಆಟದ ಕೋಣೆಯಲ್ಲಿ ಹೈಜಂಪಿನ ದಪ್ಪ ಹಾಸನ್ನು ಸರಿಸಿ ಅವಳಿಗೆ ಜಾಗ ಮಾಡಿದೆ. "ಮೂರು ತಿಂಗಳ ಮಾತು," ಎಂದು ನಾನೇ ಸಮಾಧಾನ ಹೇಳಿದೆ. "ಸುದ್ದಿ ಮೊದಲ ಹೊರಬಿದ್ದ ಮದುವಿ ಹುಡುಗ್ಯಾರು ಮಂದಿ ಮನ್ಯಾಗ ಮಲಗಂಗಿಲ್ಲೇನು? ಹಂಗ ತಿಳಕೋ."

ಮೊದಲಿನ ದಿನಗಳು ನಿಜಕ್ಕೂ ಕೆಟ್ಟದಾಗಿರಲಿಲ್ಲ. ಸರ್ಕಲ್ಲಿನಲ್ಲಿ ಯುವಕ ಸಂಘದವರು ನೀಲಿಯ ಫ್ಲೆಕ್ಸ್ ಕಟ್ಟಿದರು. ಹೋದಲ್ಲಿ ಬಂದಲ್ಲಿ ಪೇಢೆ ತಿನ್ನಿಸಿದರು. ಹೋಗುತ್ತೇನೆ ಎಂದು ಮೊದಲೇ ಹೇಳಿಯೂ ಇನ್ನೂ ಊರಲ್ಲಿ ಓಡಾಡಿಕೊಂಡಿರುವ ಹುಡುಗಿಯನ್ನು ನಮ್ಮೂರು ನೋಡಿದ್ದು ಅಪರೂಪ, ಹಾಗಾಗಿ ಕಂಡವರೆಲ್ಲ ‘ಯಾವಾಗ ಹೊರಡೂದು?’ ಎಂದೇ ಕೇಳುತ್ತಿದ್ದರು. ಬೆಳಿಗ್ಗೆ ನಾವಿಬ್ಬರೂ ಮೈದಾನ ಸುತ್ತಿ ಓಡುತ್ತಿದ್ದೆವು. ಸಂಜೆ ಅವಳು ಚಿಕ್ಕ ಹುಡುಗಿಯರಿಗೆ ಕಂಬಕ್ಕೆ ಜಿಗಿಯುವುದನ್ನು ಕಲಿಸುತ್ತಿದ್ದಳು. ವೈನಿಯ ಫೋನಿನಲ್ಲಿ ಆ ಹಳದಿ ಚಿತ್ರ ಪ್ರತಿದಿನ ಅಳಿಸಿಹೋಗುತ್ತಿತ್ತು, ಪ್ರತಿದಿನ ಬೆಳಿಗ್ಗೆ ಅವಳು ಮತ್ತೆ ಹಾಕುತ್ತಿದ್ದಳು. ಗೋಡೆಯಂತೂ ಬಂದಾಗಿದೆ, ಇನ್ನು ಮುಚ್ಚಿಡುವುದೇನು ಎಂಬ ಲೆಕ್ಕ. ಅಣ್ಣನ ಮನೆಯಿಂದ ಹೋದ ಆ ಜಾಗ ಎಲ್ಲಿಗೂ ಹೋಗಿರಲಿಲ್ಲ. ಪಕ್ಕದ ಮಾಲನಬಿಯ ಸೊಸೆಗೆ ಹೆಣ್ಣು ಕೂಸು ಹುಟ್ಟಿತ್ತು, ಅವರ ಮನೆ ಅಷ್ಟೇ ಅಗಲವಾಗಿತ್ತು. ನೀಲಿ ಹುಟ್ಟಿದಾಗಿನಿಂದ ಮಲಗುತ್ತಿದ್ದ ಜಾಗದಲ್ಲಿ ಈಗ ಅವರ ತೊಟ್ಟಿಲು ತೂಗುತ್ತಿತ್ತು.

ಮುಂಗಾರಿನ ಮೊದಲ ವಾರ ನೀಲಿ ಫೋನು ಹಿಡಿದುಕೊಂಡು ಮೈದಾನಕ್ಕೆ ಬಂದಳು. ಕಾಲೇಜಿನವರು ಈ ವರ್ಷದ ತಂಡ ಎಂದು ಹೊಸ ಚಿತ್ರ ಹಾಕಿದ್ದರು. ಹಳದಿ ಜೆರ್ಸಿಯ ಹುಡುಗಿಯರು ಎಲ್ಲರೂ ಇದ್ದರು. ನೀಲಿ ಇರಲಿಲ್ಲ. ಅವಳಿಗೆ ಅಂಟಿಸಿದ್ದ ಅದೇ ಮೈ, ಅದೇ ಸೊಂಟದ ಮೇಲಿನ ಕೈ ಇತ್ತು. ತಲೆ ಬೇರೆ ಯಾರದೋ.

"ಮರ್ತಿರಬೇಕು," ಎಂದಳು. ಅವಳಿಗೇ ನಂಬಿಕೆ ಇರಲಿಲ್ಲ.

ದಳವಾಯಿ ಸರ್ ಮೂರು ಸಲ ಫೋನ್ ಎತ್ತಲಿಲ್ಲ. ನಾಲ್ಕನೆಯ ಸಲ ನನ್ನ ಫೋನಿನಿಂದ ಮಾಡಿದಾಗ ಎತ್ತಿದರು. ಈಗಲೂ ವಿನಯಕ್ಕೇನೂ ಕೊರತೆಯಿಲ್ಲ. "ಮೇಡಮ್, ಮ್ಯಾನೇಜ್‌ಮೆಂಟಿನವರು ಈ ಸಲ ಖೋ ಖೋ ಸೀಟು ಕಡಿಮೆ ಮಾಡಿಬಿಟ್ರು. ನನ್ನ ಕೈಯಲ್ಲಿ ಏನೂ ಇಲ್ಲ. ನ್ಯಾಷನಲ್ ಆಡಿದ ಹುಡುಗಿ ಒಬ್ಳು ಬಂದ್ಳು, ನಾನಾದ್ರೂ ಏನ್ ಮಾಡ್ಲಿ? ಮುಂದಿನ ವರ್ಷ ಖಂಡಿತ ನೋಡೋಣ. ಆಮೇಲೆ ಒಂದು ಸಣ್ಣ ವಿಷಯ, ಆ ಪೋಸ್ಟ್ ಒಂದು ಡಿಲೀಟ್ ಮಾಡಿಸಿಬಿಡಿ ಮೇಡಮ್. ನೋಡೋರಿಗೆ ಗೊಂದಲ ಆಗುತ್ತೆ."

"ನಿಮ್ಮ ಮಾತು ಕೇಳಿ ಹುಡುಗಿ ಮನಿ ಕಳಕೊಂಡಾಳ," ಎಂದೆ.

"ಅಯ್ಯೋ, ಹಾಗೆಲ್ಲ ದೊಡ್ಡ ಮಾತು ಬೇಡ ಮೇಡಮ್. ಮನೆ ಎಲ್ಲಿಗೆ ಹೋಗುತ್ತೆ?"

ನಾನು ಹೇಳಿದ್ದು ಅವರ ತಲೆಗೆ ಹೋಗುವ ಹಾಗಿರಲಿಲ್ಲ. ಕೂಡಲೇ ಆ ಸಣ್ಣ ಕಾಲೇಜಿನ ಮೇಡಮ್ಮಿಗೆ ಫೋನ್ ಮಾಡಿದೆ. ಅವರು ನಿಜವಾಗಿ ನೊಂದುಕೊಂಡರು. "ಅಲ್ಲಿ ಸೇರ್ತೀನಿ ಅಂತ ಹಾಕಿದ್ದಳಲ್ರೀ. ಅದನ್ನ ನೋಡಿ ನಾನು ಬ್ಯಾರೆ ಹುಡುಗಿಗೆ ಕೊಟ್ಟೆ. ಅಕಿ ಬಂದು ಸೇರಿ ಆಗೇತಿ. ಒಂದ ಮಾತು ನನಗ ಕೇಳಿದ್ರ ಚಲೋ ಇತ್ತು." ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಮ್ಮದು ಹಾಗಾಯಿತು. ಕುಲಾವಿ ಹೊಲಿಸಿದವರು ಯಾರೋ, ತಲೆ ತಪ್ಪಿದ್ದು ನಮ್ಮ ಹುಡುಗಿಯದು.

ಸುದ್ದಿ ಕೇಳಿದ ಅಣ್ಣ ಗಿರಣಿ ನಿಲ್ಲಿಸಿ ಮನೆಗೆ ಬಂದ. ಹಾರೆ ತೆಗೆದುಕೊಂಡು ಆ ಗೋಡೆಗೆ ಒಂದು ಏಟು ಹಾಕಿದ. ಎರಡನೆಯ ಏಟಿಗೆ ಆ ಕಡೆ ಕೂಸು ಬೆಚ್ಚಿ ಚೀರಿತು. ಅಣ್ಣನ ಕೈ ಮೇಲೆಯೇ ನಿಂತಿತು. ಹಾರೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಅಲ್ಲೇ ಕೂತುಬಿಟ್ಟ. ಮಾಲನಬಿ ಓಡಿ ಬಂದಳು. ಜಗಳಕ್ಕೆ ಬಂದಳೇನೋ ಎಂದು ಹೆದರಿದ್ದೆ. ವಿಷಯ ಕೇಳಿ, ನೀಲಿಯ ತಲೆ ಸವರಿ, "ಆ ಜಾಗ ನಿಂದ ಅಲ್ಲೇನ್ ಬೇಟಿ? ತೊಟ್ಲಾ ಮ್ಯಾಲ ಐತಿ, ನೆಲಾ ಖಾಲಿ ಐತಿ. ಬಂದು ಮಲಕೋ," ಎಂದಳು. ನೀಲಿ ಬೇಡ ಎಂದು ತಲೆ ಆಡಿಸಿದಳು. ಆ ಮುದುಕಿಯ ಮಾತಿಗೆ ನನಗೆ ಕಣ್ಣು ತುಂಬಿಬಂತು, ಯಾಕೆಂದರೆ ನಮ್ಮ ಕಡೆ ಯಾರೂ ಅಷ್ಟನ್ನೂ ಹೇಳಿರಲಿಲ್ಲ.

"ಈಗ ಯಾರಿಗೂ ಹೇಳಬ್ಯಾಡ್ರಿ," ಎಂದಳು ವೈನಿ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ಏನರ ಆಗತೈತಿ. ಮುಂದಿನ ವರ್ಷ ಅಂದಾರಂತಲ್ಲ."

"ಒಂದು ವರ್ಷ ಎಲ್ಲಿ ಮಲಗ್ಲಿ ಅವ್ವಾ?" ಎಂದಳು ನೀಲಿ.

ಆ ವಾರವಿಡೀ ನೀಲಿ ಯೋಚಿಸುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಒಂದು ಮಧ್ಯಾಹ್ನ, ನಾನು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದಾಗ, ಎದುರಿಗೆ ಬಂದು ಕೂತಳು. "ಅತ್ತಿ, ಒಂದ ಕೇಳ್ತೀನಿ. ನೀ ತಿರುಗಿ ಬಂದಾಗ ಊರಾಗ ಯಾರಿಗೆ ಹೇಳಿದಿ?"

"ಯಾರಿಗೆ ಹೇಳ್ಲಿ? ಅದೇನ್ ಡಂಗುರ ಹೊಡ್ಸೂ ಸುದ್ದಿಯೇನು?"

"ಮತ್ತ ಯಾರರ ಬಂದವ್ರು ಹೇಳ್ಯಾರೇನು? ನಾ ಬಂದೀನಿ ಅಂತ?"

ನಾನು ಯೋಚಿಸಿದೆ. ಗಂಡನನ್ನು ಬಿಟ್ಟು ಬಂದವರು, ನೌಕರಿ ಹೋಗಿ ಬಂದವರು, ಸೈನ್ಯದಿಂದ ಕಾಲು ಮುರಿದುಕೊಂಡು ಬಂದವರು, ಎಲ್ಲರ ಮುಖವೂ ನೆನಪಾಯಿತು. ಒಬ್ಬರೂ ಹೇಳಿರಲಿಲ್ಲ. ಎಲ್ಲರೂ ಹಿತ್ತಿಲ ಬಾಗಿಲಿನವರೇ. ಊರು ಕಂಡೂ ಕಾಣದ ಹಾಗೆ ಇರುತ್ತದೆ, ಅದು ನಮ್ಮೂರಿನ ಮರ್ಯಾದೆ. ಬಂದವರಿಗೆ ಗೋಡೆ ಸರಿಯುವುದಿಲ್ಲ ಎಂದು ನಂಬಿದ್ದೆವಲ್ಲ, ಬಂದೆ ಎಂದು ಗೋಡೆಗೆ ಯಾರಾದರೂ ಹೇಳಿದ್ದರೇನು? ಇಷ್ಟು ವರ್ಷ ಆ ಕೋಣೆಯಲ್ಲಿದ್ದೂ ನನಗೆ ಹೊಳೆಯದ ಮಾತು ಇವಳಿಗೆ ಹೊಳೆದಿತ್ತು.

ನೀಲಿ ಬರೆದಳು. ಬಣ್ಣವಿಲ್ಲ, ಜೆರ್ಸಿಯಿಲ್ಲ. ಮೈದಾನದ ಕಂಬದ ಪಕ್ಕ ನಿಂತು ನನ್ನಿಂದ ಒಂದು ಫೋಟೋ ತೆಗೆಸಿಕೊಂಡಳು. ಕೆಳಗೆ ಹೀಗೆ ಬರೆದಳು: ‘ನಾನು ಆ ಕಾಲೇಜಿಗೆ ಹೋಗುತ್ತಿಲ್ಲ. ಅವರು ಬೇರೆಯವರನ್ನು ತೆಗೆದುಕೊಂಡರು. ನಾನು ಊರಲ್ಲೇ ಇದ್ದೇನೆ. ಗಿರಣಿ ಶಿವಪುತ್ರಪ್ಪನವರ ಮನೆಯಲ್ಲೇ ಇರುತ್ತೇನೆ.’ ಈ ಸಲ ಯಾರನ್ನೂ ಮರೆ ಮಾಡಲಿಲ್ಲ. ಹಾಕಿ, ಇಬ್ಬರೂ ಅಣ್ಣನ ಮನೆಗೆ ಓಡಿದೆವು.

ನಮ್ಮ ತಂಡದ ಹುಡುಗಿಯರು ಮೊದಲು ನೋಡಿದರು, ಅವರೆಲ್ಲ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಸ್ಟೇಟಸ್‌ಗೆ ಹಾಕಿದರು. ನಾನೂ ಹಾಕಿದೆ. ನಡುಮನೆಯಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದೆವು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಗೋಡೆ ನಡುಗಿತು. ಸುಳ್ಳಲ್ಲ, ನನ್ನ ಕಣ್ಣಾರೆ ಕಂಡೆ. ಬುಡದಲ್ಲಿ ಸುಣ್ಣ ಒಂದು ಗೆರೆಯಾಗಿ ಉದುರಿತು, ಬೆರಳು ಹೋಗುವಷ್ಟು ಸಂದಿ ಬಿಟ್ಟಿತು. ಅಣ್ಣ ನೆಲಕ್ಕೆ ಕೂತು ಆ ಸಂದಿಯಲ್ಲಿ ಬೆರಳಿಟ್ಟು ನೋಡಿ, "ಸರದೈತಿ," ಎಂದ. ನೀಲಿ ನನ್ನ ಕೈ ಹಿಡಿದು ಕುಣಿದಳು. ಅಷ್ಟೇ. ಗೋಡೆ ಅಲ್ಲಿಗೇ ನಿಂತಿತು.

ಊರು ಪೋಸ್ಟ್ ನೋಡಲಿಲ್ಲವೆಂದಲ್ಲ. ಎಲ್ಲರೂ ನೋಡಿದರು. ಆದರೆ ‘ಪಾಪ, ಹುಡುಗಿ ನೊಂದೈತಿ, ಅದನ್ನ ಯಾಕ ಎತ್ತೂದು’ ಎಂದು ಸುಮ್ಮನಾದರು. ಫ್ಲೆಕ್ಸ್ ಕಟ್ಟಿದ್ದ ಹುಡುಗರು ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಬಿಚ್ಚಿ ಮಡಚಿಟ್ಟರು. ಅಂಗಡಿಯವನು ಕಾಲೇಜಿನ ಮಾತೇ ತೆಗೆಯದೆ ನೀಲಿಯ ಕೈಗೆ ಸಾಮಾನು ಕೊಟ್ಟ. ಹೋಗುವ ಸುದ್ದಿಯನ್ನು ಊರೆಲ್ಲ ಹೊತ್ತು ತಿರುಗಿದವರು ಇದನ್ನು ಬಾಯಲ್ಲೇ ನುಂಗಿಕೊಂಡರು. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯತನಕ್ಕೆ ಬೆಂಕಿ ಹಾಕಬೇಕು ಅನಿಸಿತು ನನಗೆ.

ಊರನ್ನು ಮಾತಾಡಿಸಬಲ್ಲ ಬಾಯಿ ಒಂದೇ ಇತ್ತು. ಮರುದಿನ ನೀಲಿ ವೈನಿಯ ಮುಂದೆ ಹೋಗಿ ನಿಂತಳು. ವೈನಿ ರೊಟ್ಟಿ ಬಡಿಯುತ್ತಿದ್ದಳು. ಒಳಗೆ ಮೂವರು ನಿಲ್ಲುವಷ್ಟು ಜಾಗವಿಲ್ಲದ್ದರಿಂದ ನಾನು ಹೊಸ್ತಿಲಲ್ಲೇ ಉಳಿದೆ.

"ಅವ್ವಾ, ಇದನ್ನ ನಿನ್ನ ಸ್ಟೇಟಸ್‌ಗೆ ಹಾಕು. ನೀ ಹಾಕಿದ್ರ ಊರು ಮಾತಾಡತೈತಿ."

ವೈನಿ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಓದಿದಳು. ಮಗಳ ಬಣ್ಣವಿಲ್ಲದ ಆ ಫೋಟೋವನ್ನು ದೊಡ್ಡದು ಮಾಡಲಿಲ್ಲ. "ಗಿರಣಿಗೆ ಬಂದವ್ರೆಲ್ಲಾ ಕೇಳ್ತಾರ," ಎಂದಳು. "ಯಾಕ ಬಿಟ್ರು, ಏನ್ ತಪ್ಪು ಮಾಡಿದ್ಲು ಅಂತಾರ. ಒಬ್ಬೊಬ್ಬರಿಗೂ ನಾ ಏನಂತ ಹೇಳ್ಲಿ?"

"ಇದ್ದದ್ದ ಹೇಳು."

"ಶ್ರಾವಣ ಮುಗೀಲಿ. ಮಂದಿ ಬರೂದು ಕಡಿಮಿ ಆಗತೈತಿ, ಆಗ..."

"ಅವ್ವಾ, ಹೋಗೂದು ಹೇಳಾಕ ಒಂದು ಗಳಿಗಿ ತಡೀಲಿಲ್ಲ ನೀ." ನೀಲಿಯ ದನಿ ಏರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಇದಕ್ಕ ಯಾವಾಗ ಮುಹೂರ್ತ?"

ವೈನಿಯ ಕಣ್ಣಿನಿಂದ ನೀರು ಹಿಟ್ಟಿನ ಕೈಯ ಮೇಲೆ ಬಿತ್ತು. ಮಗಳ ಗಲ್ಲ ಮುಟ್ಟಿದಳು, ಅಲ್ಲಿ ಬಿಳಿ ಗುರುತಾಯಿತು. "ಹಾಕ್ತೀನವಾ. ಇವತ್ತ ಸಂಜಿಗೆ ಹಾಕ್ತೀನಿ. ಹೋಗು, ನಿಮ್ಮತ್ತಿಗೂ ಎರಡು ರೊಟ್ಟಿ ಒಯ್ಯಿ."

ಸುಳ್ಳು ಹೇಳುವ ಹೆಂಗಸಲ್ಲ ನನ್ನ ವೈನಿ. ಹಾಕುತ್ತೇನೆ ಅಂದಾಗ ಹಾಕಬೇಕೆಂದೇ ಅವಳ ಮನಸ್ಸಿನಲ್ಲಿ ಇತ್ತು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಸಂಜೆ ಹುಡುಗಿಯರು ಆಟ ಮುಗಿಸಿ ಹೋದ ಮೇಲೆ ನಾವಿಬ್ಬರೂ ಆಟದ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದೆವು. ನೀಲಿ ಬ್ಯಾಗಿನ ಜಿಪ್ಪು ಎಳೆದು ಪಕ್ಕದಲ್ಲೇ ಇಟ್ಟುಕೊಂಡಿದ್ದಳು, ಗೋಡೆ ಸರಿದ ಸುದ್ದಿ ಬಂದ ಕೂಡಲೇ ಹೊರಡಲು. ಫೋನಿನಲ್ಲಿ ವೈನಿಯ ಹೆಸರು ಬೆಳಗಿತು. ನೀಲಿ ತೆರೆದಳು. ನಾನೂ ಬಗ್ಗಿ ನೋಡಿದೆ.

‘ನಾಳೆ ನಾಡಿದ್ದು ಗಿರಣಿ ಬಂದ್ ಇರ್ತದ. ಹಿಟ್ಟಿನ ಡಬ್ಬಿ ಇದ್ದವ್ರು ಇವತ್ತ ಒಯ್ರಿ.’

ಅದರ ಕೆಳಗೆ ಇನ್ನೇನಾದರೂ ಬರುತ್ತದೇನೋ ಎಂದು ನೀಲಿ ಬೆರಳು ಆಡಿಸಿದಳು. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶಾಲೆಯ ಮುಂದಿನ ರಸ್ತೆಯಲ್ಲಿ ಹೆಂಗಸರು ಡಬ್ಬಿ ಹೊತ್ತು ಬಿರಬಿರನೆ ಗಿರಣಿಯ ಕಡೆ ಹೋಗತೊಡಗಿದರು. ಒಬ್ಬಳು ಇನ್ನೊಬ್ಬಳಿಗೆ ಕೂಗಿ ಹೇಳುತ್ತಿದ್ದಳು, ಅವಳು ಮತ್ತೊಬ್ಬಳಿಗೆ. ಗೇಟಿನ ಬಳಿ ನಮ್ಮನ್ನು ಕಂಡವರು ಮೆಲ್ಲಗೆ ನಕ್ಕು ಮುಂದೆ ಹೋದರು. ಗಿರಣಿ ಬಂದ್ ಎಂಬುದು ಗೊತ್ತಾಗದವರು ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ.

ಕೇಳುವವರು ಬರದಿರಲಿ ಎಂದೇ ವೈನಿ ಗಿರಣಿ ಮುಚ್ಚುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ನೀಲಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ರಸ್ತೆ ಖಾಲಿಯಾಗುವವರೆಗೂ ಕೂತಿದ್ದಳು. ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಎದ್ದು ಬ್ಯಾಗು ಒಳಗೆ ತಂದಳು.

"ಅತ್ತಿ, ಒಂದು ಮೊಳಿ ಐತೇನ?"

"ಯಾಕ?"

"ಅರಿವಿ ತೂಗಹಾಕಾಕ. ಬ್ಯಾಗಿನ್ಯಾಗ ಇಟ್ಟು ಇಟ್ಟು ಮುದ್ದಿ ಆಗ್ಯಾವ."

"ನಾಳೆ ಹೊಡಿಯೂಣಂತ," ಎಂದೆ. ನಾಳೆ ಎಂದರೆ ವೈನಿ ಮನಸ್ಸು ಬದಲಿಸಿಯಾಳು ಎಂಬ ಆಸೆ ನನಗೆ.

"ಇವತ್ತ ಹೊಡಿ."

ಮುರಿದ ಬೆಂಚಿನಿಂದ ಒಂದು ಮೊಳೆ ಕಿತ್ತು, ಅದರ ಸೊಟ್ಟು ತಿದ್ದಿ, ಅವಳು ಮಲಗುವ ಕಡೆ ಗೋಡೆಗೆ ಹಿಡಿದೆ. ಸುತ್ತಿಗೆ ಇರಲಿಲ್ಲ, ಕಬ್ಬಿಣದ ಗುಂಡು ಎತ್ತಿಕೊಂಡೆ. ನನಗೆ ಕಣ್ಣು ಮಂಜಾಗಿ ಮೊದಲ ಏಟು ಬೆರಳಿಗೇ ಬಿತ್ತು. ನೀಲಿ ನನ್ನ ಕೈಯಿಂದ ಮೊಳೆ ತೆಗೆದುಕೊಂಡು ತಾನೇ ಹಿಡಿದಳು.

"ಆಳಕ್ಕ ಹೊಡಿ ಅತ್ತಿ," ಎಂದಳು. "ಭಾಳ ವರ್ಷ ಬರಬೇಕು."